ಸದ್ದಿಗೆ ಬೈದೆವು, ಓಟಕ್ಕೆ ನಕ್ಕೆವು

ನಡೆದದ್ದು ಇಷ್ಟೇ. ರಾತ್ರಿ ಒಂಬತ್ತೂವರೆ ಹತ್ತಿರ, ತುಂಬಿದ ಹೋಟೆಲಿನಲ್ಲಿ ಮೂರು ವರ್ಷದ ಹುಡುಗಿಯೊಬ್ಬಳು ಟೇಬಲುಗಳ ನಡುವೆ ಓಡಿದಳು. ಅಡುಗೆಮನೆ ಬಾಗಿಲಿನಿಂದ ಸೂಪಿನ ಟ್ರೇ ಹಿಡಿದು ಬಂದ ಸಪ್ಲೈಯರ್ ಅವಳನ್ನು ಕೊನೇ ಕ್ಷಣದಲ್ಲಿ ನೋಡಿ ಮೈ ತಿರುಗಿಸಿದ. ಟ್ರೇಯಲ್ಲಿದ್ದ ಮೂರು ಬಟ್ಟಲಲ್ಲಿ ಒಂದು ಅವನ ಎಡಗೈ ಮೇಲೆ ಬಿತ್ತು, ಎರಡು ನೆಲಕ್ಕೆ. ಹುಡುಗಿಗೆ ಏನೂ ಆಗಲಿಲ್ಲ. ಒಂದು ಶೂ ಕಳಚಿತು, ಅಷ್ಟೇ. ಪಕ್ಕದ ಟೇಬಲಿನವರು ಬೈದರು, ಹುಡುಗಿಯ ಅಪ್ಪ ತಿರುಗಿ ಬೈದ, ಊಟ ಪಾರ್ಸೆಲ್ ಆಯಿತು.

ಹುಡುಗಿ ನನ್ನ ತಮ್ಮನ ಮಗಳು. ನಾನೂ ಅದೇ ಟೇಬಲಿನಲ್ಲಿದ್ದೆ. ಆಮೇಲೆ ಎರಡು ವಾರ ನಮ್ಮ ಮನೆಯಲ್ಲಿ ಇದೇ ಮಾತು. ತಮ್ಮ "ಮಕ್ಕಳು ಅಂದ್ಮೇಲೆ ಓಡ್ತಾವೆ" ಅನ್ನುತ್ತಿದ್ದ. ಅಮ್ಮ "ಅವನು ನೋಡ್ಕೊಂಡು ಬರಬೇಕಿತ್ತು" ಅನ್ನುತ್ತಿದ್ದರು. ಅಪ್ಪ ಮಾತ್ರ "ಇನ್ನು ಹೊರಗಡೆ ಊಟಾನೇ ಬೇಡ ಬಿಡಿ" ಅಂದು ಎದ್ದು ಹೋಗುತ್ತಿದ್ದರು. ಯಾರ ತಪ್ಪು ಅನ್ನೋದು ಒಂದೊಂದು ದಿನ ಒಂದೊಂದು ಥರ ಆಗುತ್ತಿತ್ತು. ಕೊನೆಗೆ ನಾನು ಕೂತು ಆ ರಾತ್ರಿಯನ್ನು ನಿಮಿಷ ನಿಮಿಷ ಬರೆದಿಟ್ಟೆ. ಫೋನಿನ ಫೋಟೋಗಳಲ್ಲಿ ಸಮಯ ಇತ್ತು, ಬಿಲ್ಲಿನಲ್ಲಿ ಸಮಯ ಇತ್ತು, ತಮ್ಮನ ಹತ್ತಿರ ಒಂದು ವಿಡಿಯೋನೂ ಇತ್ತು. ಆ ವಿಡಿಯೋ ಬಗ್ಗೆ ಆಮೇಲೆ ಹೇಳುತ್ತೇನೆ.

ಯಾರು, ಎಷ್ಟು ಹೊತ್ತಿಗೆ

ನಾವು ಏಳು ಜನ. ಅಪ್ಪ, ಅಮ್ಮ, ತಮ್ಮ, ಅವನ ಹೆಂಡತಿ, ಅವರ ಇಬ್ಬರು ಮಕ್ಕಳು, ನಾನು. ಅಪ್ಪನಿಗೆ ಅವತ್ತು 70 ತುಂಬಿತ್ತು. ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು ಅನ್ನೋದೊಂದೇ ಅವರು ಕೇಳಿದ್ದು. ಪುಟ್ಟಿಗೆ ಮೂರು ವರ್ಷ ಎರಡು ತಿಂಗಳು. ಪಾಪುಗೆ ಹತ್ತು ತಿಂಗಳು.

ತಮ್ಮ ಫೋನ್ ಮಾಡಿ ಟೇಬಲ್ ಹಿಡಿದಿಟ್ಟಿದ್ದ. "ಏಳು ಜನ, ಎಂಟು ಗಂಟೆಗೆ" ಅಂದನಂತೆ. ಏಳರಲ್ಲಿ ಇಬ್ಬರು ಚಿಕ್ಕ ಮಕ್ಕಳು ಅಂತ ಅವನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಈ ಒಂದು ವಾಕ್ಯ ಬಾಯಿಂದ ಬರದೇ ಹೋದದ್ದಕ್ಕೆ ಎಷ್ಟು ಬೆಲೆ ತೆತ್ತೆವು ಅಂತ ಈಗ ಅನಿಸುತ್ತದೆ.

ಎಂಟು ಗಂಟೆ ಯಾಕೆ? ತಮ್ಮನ ಆಫೀಸು ಮುಗಿಯಬೇಕಿತ್ತು. ಅಂದರೆ ದೊಡ್ಡವರ ಅನುಕೂಲ. ಪುಟ್ಟಿ ದಿನಾ ಉಣ್ಣೋದು ಏಳಕ್ಕೆ, ಮಲಗೋದು ಎಂಟೂವರೆಗೆ. ಅವತ್ತು ಮಧ್ಯಾಹ್ನ ಮನೆಗೆ ನೆಂಟರು ಬಂದಿದ್ದರು, ಅವಳು ನಿದ್ದೆಯನ್ನೂ ಮಾಡಿರಲಿಲ್ಲ. ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಧ್ಯಾಹ್ನದ ನಿದ್ದೆಯೂ ಸೇರಿ. ಅವಳ ಲೆಕ್ಕದಲ್ಲಿ ಅವತ್ತು ಎರಡು ಗಂಟೆ ಆಗಲೇ ಕಮ್ಮಿ ಬಿದ್ದಿತ್ತು. ಹೋಟೆಲಿನ ಬಾಗಿಲು ದಾಟುವಾಗಲೇ ಅವಳಿಗೆ ಹಸಿವು, ನಿದ್ದೆ ಎರಡೂ ಒಟ್ಟಿಗೆ ಬಂದಿದ್ದವು. ಹೊಸ ಫ್ರಾಕು, ಹೊಸ ಶೂ. ನೋಡಿದವರಿಗೆ ಮಗು ಖುಷಿಯಾಗಿದೆ ಅಂತಲೇ ಕಾಣುತ್ತಿತ್ತು.

ಎಪ್ಪತ್ತು ನಿಮಿಷ

7.55ಕ್ಕೆ ತಲುಪಿದೆವು. ಟೇಬಲ್ ಖಾಲಿ ಆಗಿರಲಿಲ್ಲ. ಗಲ್ಲಾದ ಪಕ್ಕದ ಬೆಂಚಿನಲ್ಲಿ 25 ನಿಮಿಷ. ಪುಟ್ಟಿ ತಾತನ ತೊಡೆ ಮೇಲೆ ಕೂತು ಗೋಡೆ ಮೇಲಿನ ದೀಪ ಎಣಿಸಿದಳು. ಅವಳಿಗೆ ಎಣಿಕೆ ಹನ್ನೆರಡರವರೆಗೆ ಬರುತ್ತದೆ, ದೀಪ ಅದಕ್ಕಿಂತ ಜಾಸ್ತಿ ಇತ್ತು, ಮತ್ತೆ ಒಂದರಿಂದ ಶುರು ಮಾಡಿದಳು. ಯಾರಿಗೂ ತೊಂದರೆ ಇಲ್ಲ.

8.20ಕ್ಕೆ ಕೂತೆವು. ಏಳು ಜನ ಹಿಡಿಸುವ ಟೇಬಲ್ ಇದ್ದದ್ದು ಒಂದೇ. ಅದು ಹಾಲಿನ ನಡುವೆ, ಅಡುಗೆಮನೆ ಬಾಗಿಲಿನಿಂದ ನಾಲ್ಕು ಹೆಜ್ಜೆ. ಮಕ್ಕಳ ಕುರ್ಚಿ ಒಂದು ತಂದುಕೊಟ್ಟರು, ಅದು ಪಾಪುಗೆ ಹೋಯಿತು. ಪುಟ್ಟಿಗೆ ದೊಡ್ಡವರ ಕುರ್ಚಿ. ಗಲ್ಲ ಟೇಬಲಿನ ಅಂಚಿಗೆ ಸರಿಯಾಗಿ ಬರುತ್ತಿತ್ತು. ಕಾಲು ಗಾಳಿಯಲ್ಲಿ.

ಆರ್ಡರ್ ಕೊಡಲು ಹತ್ತು ನಿಮಿಷ. ಅಪ್ಪನಿಗೆ ಏನು ಇಷ್ಟ, ಅಮ್ಮನಿಗೆ ಏನು ಆಗಲ್ಲ, ಇದೆಲ್ಲ ಚರ್ಚೆ. ಪುಟ್ಟಿಗೆ ಮೊದಲು ಏನಾದರೂ ಬೇಗ ತರಿಸೋಣ ಅಂತ ಯಾರಿಗೂ ಹೊಳೆಯಲಿಲ್ಲ. ಅವಳು ಚಮಚಗಳನ್ನು ಸಾಲಾಗಿ ಜೋಡಿಸಿದಳು. ಟಿಶ್ಯೂ ಪೇಪರು ಮಡಚಿ ಪಾಪುವಿನ ತಲೆ ಮೇಲೆ ಇಟ್ಟಳು. ಚಮಚ ಒಂದಕ್ಕೊಂದು ಬಡಿದಾಗ "ಶ್!" ಅಂದೆವು. ಜೋರಾಗಿ ನಕ್ಕಾಗ "ಶ್! ಅಂಕಲ್ ಬೈತಾರೆ ನೋಡು" ಅಂದೆವು. ಅಂಕಲ್ ಅಂದರೆ ಅದೇ ಸಪ್ಲೈಯರ್.

8.35ಕ್ಕೆ ತಮ್ಮ ಫೋನ್ ಕೈಗೆ ಕೊಟ್ಟ. ಟೇಬಲ್ ಶಾಂತ. ಅರ್ಧ ಗಂಟೆ ನಾವು ಮಾತಾಡಿಕೊಂಡೆವು. ಸುಳ್ಳು ಯಾಕೆ ಹೇಳಲಿ, ಆ ಅರ್ಧ ಗಂಟೆ ತುಂಬಾ ಚೆನ್ನಾಗಿತ್ತು. ಅಪ್ಪ ತಮ್ಮ ಮೊದಲ ಸಂಬಳದ ಕಥೆ ಹೇಳಿದರು.

9.05ಕ್ಕೆ ತಟ್ಟೆಗಳು ಬಂದವು. ತಮ್ಮನ ಹೆಂಡತಿ "ಊಟ ಬಂತು, ಸಾಕು" ಅಂತ ಫೋನ್ ಕಿತ್ತುಕೊಂಡಳು. ಹಾಡು ಅರ್ಧದಲ್ಲಿತ್ತು. ಪುಟ್ಟಿ ಕಿರುಚಿದಳು. ಇಡೀ ಹಾಲು ತಿರುಗಿ ನೋಡುವ ಕಿರುಚು. ನಾಲ್ಕು ನಿಮಿಷ. ತಮ್ಮನಿಗೆ ನಾಚಿಕೆಯಾಗಿ ಫೋನ್ ವಾಪಸ್ ಕೊಟ್ಟ. ಕಿರುಚು ಸ್ವಿಚ್ ಆರಿಸಿದ ಹಾಗೆ ನಿಂತಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬಾಗಿಲಿನಿಂದ ತಟ್ಟೆ ತನಕ 70 ನಿಮಿಷ ಆಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಅನ್ನೋ ಮನಃಶಾಸ್ತ್ರಜ್ಞರು 1960ರ ದಶಕದ ಕೊನೆಯಲ್ಲಿ ಶುರು ಮಾಡಿದ ಪ್ರಯೋಗ ಹಲವರಿಗೆ ಗೊತ್ತಿರುತ್ತದೆ. ಈಗಲೇ ಬೇಕಾದರೆ ಚಿಕ್ಕ ತಿಂಡಿ, ಕಾದರೆ ಒಳ್ಳೇದು ಅಂತ ಮಕ್ಕಳಿಗೆ ಹೇಳಿ ಕೂರಿಸುತ್ತಿದ್ದರು. ಎಷ್ಟು ಹೊತ್ತು ಕಾದರು ಅನ್ನೋದರಿಂದ ಆ ಮಕ್ಕಳ ಮುಂದಿನ ಜೀವನದ ಭವಿಷ್ಯ ಹೇಳಿದ್ದು ಅತಿಯಾಯಿತು ಅಂತ 2018ರ ಮರುಅಧ್ಯಯನ ತೋರಿಸಿದೆ, ಅದು ಬೇರೆ ಮಾತು. ನನಗೆ ಬೇಕಾದದ್ದು ಅದರ ಗಡಿಯಾರ. 1970ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಮೂರೂವರೆ ದಾಟಿದ ಮಕ್ಕಳಿಗೆ ಇಟ್ಟಿದ್ದ ಕಾಯುವ ಮಿತಿ 15 ನಿಮಿಷ. ಮಕ್ಕಳು ಎಷ್ಟು ತಡೆದುಕೊಳ್ಳುತ್ತಾರೆ ಅಂತ ಪರೀಕ್ಷೆ ಮಾಡಲು ಹೊರಟವರೇ ಅಲ್ಲಿಗೆ ನಿಲ್ಲಿಸಿದ್ದರು. ನಾವು ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ ಕಾಯಿಸಿ, ಅವಳಿಗೆ ತಾಳ್ಮೆ ಇಲ್ಲ ಅಂದೆವು.

ಇನ್ನೊಂದು, ಆ ಕಿರುಚು. ಮಕ್ಕಳ ರಂಪಾಟದ ಬಗ್ಗೆ ಮೈಕೆಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್‌ಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಒಂದೂವರೆಯಿಂದ ಐದು ವರ್ಷದ ಮಕ್ಕಳ ರಂಪಾಟಗಳಲ್ಲಿ ಮುಕ್ಕಾಲು ಪಾಲು ಐದು ನಿಮಿಷದೊಳಗೆ ಮುಗಿಯುತ್ತವೆ ಅಂತ ಅವರು ಕಂಡರು. ಪುಟ್ಟಿ ನಾಲ್ಕನೇ ನಿಮಿಷದಲ್ಲಿದ್ದಳು. ಎತ್ತಿಕೊಂಡು ಹೊರಗೆ ಹೋಗಿ ಬಂದಿದ್ದರೆ ಅಷ್ಟರಲ್ಲಿ ಅದೇ ಇಳಿಯುತ್ತಿತ್ತೋ ಏನೋ. ನಾವು ಫೋನ್ ಕೊಟ್ಟು, ಕಿರುಚಿದರೆ ಸಿಗುತ್ತದೆ ಅಂತ ಕಲಿಸಿದೆವು. ಎಲ್ಲರೂ ನೋಡುತ್ತಿರುವಾಗ ಹಾಗೆ ಯೋಚಿಸಲು ಆಗಲ್ಲ ಅನ್ನೋದೂ ನಿಜ. ಆ ನಾಲ್ಕು ನಿಮಿಷ ತಮ್ಮನ ಕಿವಿ ಕೆಂಪಗಿತ್ತು.

ಓಟ

9.15ಕ್ಕೆ ಫೋನಿನ ಚಾರ್ಜ್ ಮುಗಿಯಿತು. ಈ ಸಲ ಪುಟ್ಟಿ ಕಿರುಚಲಿಲ್ಲ. ಮೆಲ್ಲಗೆ ಜಾರಿ ಕೆಳಗಿಳಿದಳು. ಎರಡು ತುತ್ತು ತಿಂದಿದ್ದಳು ಅಷ್ಟೇ. ನಮ್ಮ ಬಾಯಲ್ಲಿ ಊಟ ಇತ್ತು. ಇಳಿದರೆ ಇಳಿಯಲಿ, ಸದ್ದಿಲ್ಲವಲ್ಲ ಅಂತ ಎಲ್ಲರಿಗೂ ಒಳಗೊಳಗೇ ಸಮಾಧಾನ.

ಮೊದಲು ನಮ್ಮ ಟೇಬಲಿಗೆ ಒಂದು ಸುತ್ತು ಬಂದಳು. ಆಮೇಲೆ ಪಕ್ಕದ ಟೇಬಲಿಗೆ. ಅಲ್ಲಿ ಯಾರೋ ಹುಡುಗಿಯರು "ಬಾ ಪುಟ್ಟಿ" ಅಂತ ಕೈ ಬೀಸಿದರು. ಅವಳು ನಾಚಿ ಓಡಿ ಬಂದಳು, ಮತ್ತೆ ಹೋದಳು. ಮೂರನೇ ಸಲಕ್ಕೆ ಅದೊಂದು ಆಟ ಆಗಿತ್ತು. ಫ್ರಾಕಿನ ಹಿಂದಿನ ಗಂಟು ಬಿಚ್ಚಿ ಬಾಲದ ಹಾಗೆ ಹಾರುತ್ತಿತ್ತು. ತಮ್ಮ ಹೆಂಡತಿಯ ಫೋನ್ ತೆಗೆದುಕೊಂಡು ವಿಡಿಯೋ ಮಾಡಿದ.

ವಿಡಿಯೋ 22 ಸೆಕೆಂಡಿದೆ. ನಾನು ಅದನ್ನು ಹತ್ತು ಸಲ ನೋಡಿದ್ದೇನೆ. ಪುಟ್ಟಿ ಎರಡು ಸುತ್ತು ಓಡುತ್ತಾಳೆ. ಹಿಂದೆ ಅಡುಗೆಮನೆಯ ಬಾಗಿಲು ಒಂದು ಸಲ ತೆರೆದು ಮುಚ್ಚುತ್ತದೆ. ಒಂದು ಹೆಂಗಸಿನ ದನಿ ನಗುತ್ತಾ "ಇನ್ನೊಂದ್ ರೌಂಡು, ಇನ್ನೊಂದ್ ರೌಂಡು" ಅನ್ನುತ್ತದೆ. ದನಿ ನನ್ನದು.

ವಿಡಿಯೋ ಮುಗಿದು ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಬಾಗಿಲು ಮತ್ತೆ ತೆರೆಯಿತು, ಟ್ರೇ ಬಂತು. ನಾನು ನೋಡಿದ್ದು ಟ್ರೇ ಓರೆಯಾದದ್ದನ್ನು. ಆಮೇಲೆ ಬಟ್ಟಲು ಒಡೆದ ಸದ್ದು. ಆಮೇಲೆ ಒಂದು ಕ್ಷಣ ಇಡೀ ಹಾಲು ಸುಮ್ಮನಾಯಿತು. ಅಷ್ಟೊಂದು ಮೌನ ಅವತ್ತು ರಾತ್ರಿ ಅದೊಂದೇ ಸಲ. ಪುಟ್ಟಿ ಒಂದು ಕಾಲಲ್ಲಿ ಶೂ ಇಲ್ಲದೆ, ಸೂಪಿನ ಅಂಚಿನಲ್ಲಿ ನಿಂತಿದ್ದಳು. ಅಳಲಿಲ್ಲ. ಸಪ್ಲೈಯರ್ ಮೊದಲು ಕೇಳಿದ್ದು "ಮಗೂಗೆ ಬಿತ್ತಾ?" ಅಂತ.

ಇನ್ನೊಂದು ಪಕ್ಕದ ಟೇಬಲಿನಲ್ಲಿ ವಯಸ್ಸಾದ ದಂಪತಿ ಇದ್ದರು. ಆ ಯಜಮಾನರು ಎದ್ದು ನಿಂತರು. "ಆಗಿಂದ ಕಿರುಚಾಟ, ಈಗ ಇದು. ಮಕ್ಕಳನ್ನ ಸಂಭಾಳಿಸೋಕೆ ಆಗದಿದ್ರೆ ಮನೇಲಿರಬೇಕಪ್ಪ" ಅಂದರು. ತಮ್ಮ "ನಿಮ್ಮನೇಲಿ ಮಕ್ಕಳು ಹುಟ್ಟೇ ಇರ್ಲಿಲ್ವಾ ಸಾರ್?" ಅಂದ. ಅದು ಹೇಳಬಾರದ ಮಾತಾಗಿತ್ತು. ಆ ಹೆಂಗಸು ತಲೆ ತಗ್ಗಿಸಿದರು. ಅಪ್ಪ ಎದ್ದು "ಬಿಲ್ ತಗೊಂಬನ್ನಿ" ಅಂದರು. ತಮ್ಮದೇ 70ನೇ ಹುಟ್ಟುಹಬ್ಬದ ಬಿಲ್ಲನ್ನು ತಾವೇ ಕೊಟ್ಟರು.

ಶೂ ತರಲು ಹೋದಾಗ

ಶೂ ಅಲ್ಲೇ ಉಳಿದಿತ್ತು. ಮಾರನೇ ದಿನ ಮಧ್ಯಾಹ್ನ ಮೂರೂವರೆಗೆ, ಊಟದ ರಶ್ ಇಳಿದ ಮೇಲೆ, ನಾನೇ ಹೋದೆ. ಗಲ್ಲಾದ ಡ್ರಾಯರಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಒರೆಸಿದ್ದರು ಕೂಡ.

ಆ ಸಪ್ಲೈಯರ್ ಇದ್ದ. ಇಪ್ಪತ್ತೈದು ಇರಬಹುದು. ಎಡ ಮುಂಗೈಗೆ ಬಟ್ಟೆ ಕಟ್ಟಿತ್ತು. ನಾನು ಕ್ಷಮೆ ಕೇಳಿದೆ. ಅವನಿಗೆ ಮುಜುಗರ ಆಯಿತು. "ಗುಳ್ಳೆ ಬಂದಿಲ್ಲ ಮೇಡಂ, ಬರೀ ಉರಿ" ಅಂದ. ನಲ್ಲಿ ಕೆಳಗೆ ಎಷ್ಟು ಹೊತ್ತು ಹಿಡಿದೆ ಅಂತ ಕೇಳಿದೆ. "ಐದು ನಿಮಿಷ. ಮೂರನೇ ಟೇಬಲಿನವರು ಕರೀತಾ ಇದ್ರು." ಸುಟ್ಟ ಜಾಗವನ್ನು ಹರಿಯುವ ತಣ್ಣೀರಲ್ಲಿ 20 ನಿಮಿಷ ಹಿಡಿಯಬೇಕು. ಐಸು ಬೇಡ, ಪೇಸ್ಟು ಬೇಡ, ಬರೀ ನೀರು. ಅವನಿಗೆ ಗೊತ್ತಿಲ್ಲದೆ ಏನಲ್ಲ, ಬಿಡುವಿರಲಿಲ್ಲ.

ಅವನು ಖಾಲಿ ಟ್ರೇ ಹಿಡಿದು ತೋರಿಸಿದ. ಎದೆ ಮಟ್ಟಕ್ಕೆ. "ಇದರ ಕೆಳಗೆ ಏನಿದೆ ಅಂತ ನಮಗೆ ಕಾಣಲ್ಲ. ಕಾಲಿಗೆ ದಾರಿ ಗೊತ್ತಿರತ್ತೆ, ಅಷ್ಟೇ. ದೊಡ್ಡೋರು ಅಡ್ಡ ಬಂದ್ರೆ ತಲೆ ಕಾಣತ್ತೆ. ಮಕ್ಕಳು ಇಲ್ಲಿರ್ತಾರೆ" ಅಂತ ಸೊಂಟದ ಹತ್ತಿರ ಕೈ ಇಟ್ಟ. ನಾನು ಆ ಟ್ರೇ ಹಿಡಿದು ನೋಡಿದೆ. ನನ್ನದೇ ಕಾಲು ನನಗೆ ಕಾಣಲಿಲ್ಲ. ಅಮ್ಮನ "ನೋಡ್ಕೊಂಡು ಬರಬೇಕಿತ್ತು" ಅಲ್ಲಿಗೆ ಬಿದ್ದುಹೋಯಿತು.

ಅಳೋ ಮಕ್ಕಳಿಂದ ಕಷ್ಟ ಆಗುತ್ತಾ ಅಂತ ಕೇಳಿದೆ. ನಕ್ಕ. "ಅಳು ನಮಗೆ ಲೆಕ್ಕಕ್ಕೇ ಇಲ್ಲ. ಒಳಗಡೆ ಅಡುಗೆಮನೇಲಿ ನಿಂತು ನೋಡಿ ಒಂದ್ಸಲ." ಚೆಲ್ಲೋದು? "ಒರೆಸ್ತೀವಿ." ಹಾಗಾದರೆ ಏನು ಕಷ್ಟ? ಎರಡು ಹೇಳಿದ. ಒಂದು, ಇಳಿದು ಓಡುವ ಮಕ್ಕಳು. ಎರಡನೆಯದನ್ನು ಸ್ವಲ್ಪ ತಡೆದು ಹೇಳಿದ. "ಅಂಕಲ್ ಬೈತಾರೆ ಅಂತ ನಮ್ಮನ್ನ ತೋರಿಸ್ತಾರಲ್ಲ, ಅದು. ನಾವು ಹತ್ರ ಹೋದ್ರೆ ಮಗು ಹೆದರ್ಕೊಳತ್ತೆ. ನಾನ್ ಯಾವತ್ತೂ ಯಾರ ಮಗೂಗೂ ಬೈದಿಲ್ಲ."

ನಾವು ಮನೆಯಲ್ಲಿ ಗುಮ್ಮನನ್ನು ಕರೆಯೋದು ಬಿಟ್ಟಿದ್ದೇವೆ. ಹೊರಗೆ ಬಂದಾಗ ಸಂಬಳಕ್ಕೆ ದುಡಿಯುವ ಒಬ್ಬನನ್ನು ಪುಕ್ಕಟೆ ಗುಮ್ಮ ಮಾಡುತ್ತೇವೆ.

ಮ್ಯಾನೇಜರ್ ಕೂಡ ಮಾತಿಗೆ ಸಿಕ್ಕರು. ಅವರು ಕೈ ಮುಗಿಯಲೂ ಇಲ್ಲ, ಜಗಳಕ್ಕೂ ಬರಲಿಲ್ಲ. "ದೊಡ್ಡ ಟೇಬಲ್ ಅಲ್ಲೇ ಇರೋದು ಮೇಡಂ. ಮಕ್ಕಳಿದ್ದಾರೆ ಅಂತ ಮುಂಚೆ ಗೊತ್ತಿದ್ರೆ ಗೋಡೆ ಕಡೆ ಎರಡು ಟೇಬಲ್ ಜೋಡಿಸ್ತಿದ್ವಿ" ಅಂದರು. 25 ನಿಮಿಷ ಕಾಯಿಸಿದ್ದಕ್ಕೆ ಉತ್ತರ ಕೊಡಲಿಲ್ಲ. ಪುಟ್ಟಿ ಓಡುತ್ತಿದ್ದಾಗ ನಿಮ್ಮವರು ಯಾರೂ ಯಾಕೆ ನಿಲ್ಲಿಸಲಿಲ್ಲ ಅಂದೆ. "ನಿಲ್ಲಿಸಿದ್ರೆ ಅಪ್ಪ ಅಮ್ಮಂದಿರು ನಮಗೇ ಬೈತಾರಲ್ಲ" ಅಂದರು. ತಮ್ಮನ ಮುಖ ನೆನಪಾಗಿ ನಾನು ಸುಮ್ಮನಾದೆ. ಆದರೂ ಈ ಮಾತನ್ನು ನಾನು ಪೂರ್ತಿ ಒಪ್ಪಲ್ಲ. "ಬಿಸಿ ಟ್ರೇ ಬರ್ತಿದೆ, ಮಗೂನ ಕೂರಿಸಿ" ಅಂತ ಒಂದು ಮಾತು ಯಾರಾದರೂ ಹೇಳಿದ್ದರೆ ಬೈಗುಳ ತಿಂದರೂ ಕೈ ಉಳಿಯುತ್ತಿತ್ತು.

ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದು

ಬರೆದಿಟ್ಟದ್ದನ್ನು ಓದಿ ನೋಡಿದಾಗ ನನಗೆ ಕಂಡದ್ದು ಇದು. ನಾವು ಮಕ್ಕಳ ಎಲ್ಲವನ್ನೂ 'ಗಲಾಟೆ' ಅನ್ನೋ ಒಂದೇ ಪದದಲ್ಲಿ ಮುಗಿಸುತ್ತೇವೆ. ಅಳು, ನಗು, ಚಮಚ ಬಡಿಯೋದು, ನೀರು ಚೆಲ್ಲೋದು, ಓಡೋದು, ಎಲ್ಲ ಗಲಾಟೆ. ಆದರೆ ಆ ರಾತ್ರಿ ನಾವು ಐದಾರು ಸಲ "ಶ್" ಅಂದದ್ದು ಸದ್ದಿಗೆ. ಓಡಿದಾಗ ಒಬ್ಬರೂ "ನಿಲ್ಲು" ಅನ್ನಲಿಲ್ಲ. ಯಾಕೆಂದರೆ ಓಟಕ್ಕೆ ಸದ್ದಿರಲಿಲ್ಲ, ಯಾರೂ ತಿರುಗಿ ನೋಡಿ ಮುಖ ಸಿಂಡರಿಸಲಿಲ್ಲ, ನೋಡಿದವರು ನಕ್ಕರು. ನಮ್ಮ ಶಿಸ್ತು ಪೂರ್ತಿ ಪಕ್ಕದ ಟೇಬಲಿನ ಮುಖ ನೋಡಿಕೊಂಡು ನಡೆಯುತ್ತಿತ್ತು.

ಸದ್ದಿನಿಂದ ಆಗೋದು ಕಿರಿಕಿರಿ. ಅದೂ ಆ ಹಾಲಿನಲ್ಲಿ! ನುಣುಪು ನೆಲ, ಮೂರು ಕಡೆ ಗಾಜು, ಒಂದು ಪರದೆಯೂ ಇಲ್ಲ. ಸುತ್ತ ಸದ್ದಿದ್ದರೆ ಮಾತಾಡುವವರ ದನಿ ತಾನಾಗಿ ಏರುತ್ತದೆ. ಫ್ರಾನ್ಸಿನ ಕಿವಿ ಗಂಟಲು ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲೇ ಇದನ್ನು ಗುರುತಿಸಿದ್ದರು, ಅವರ ಹೆಸರಲ್ಲೇ ಅದನ್ನು ಕರೆಯುತ್ತಾರೆ. ಅಂಥ ಕಡೆ ಎಪ್ಪತ್ತೆಂಬತ್ತು ಜನ ದೊಡ್ಡವರು ಕೂಗಿಕೊಂಡೇ ಮಾತಾಡುತ್ತಾರೆ. ಮಗುವಿನ ದನಿಯೂ ಅದೇ ಕಾರಣಕ್ಕೆ ಏರುತ್ತದೆ. ಆ ದನಿ ತೆಳ್ಳಗೆ, ಚೂಪಾಗಿ ಇರುವುದರಿಂದ ನಮಗೆ ಅದೊಂದೇ ಕೇಳಿಸುತ್ತದೆ. ಒಂದೆರಡು ನಿಮಿಷದ ಅಳುವನ್ನು ಪಕ್ಕದವರು ಸಹಿಸಿಕೊಳ್ಳಬೇಕು ಅನ್ನೋದು ನನ್ನ ಅಭಿಪ್ರಾಯ. ಐದನೇ ನಿಮಿಷಕ್ಕೆ ಮಗುವನ್ನು ಹೊರಗೆ ಎತ್ತಿಕೊಂಡು ಹೋಗೋದು ಹೆತ್ತವರ ಕೆಲಸ. ಇದರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೆ ಯಾರ ಗಂಟೂ ಹೋಗಲ್ಲ.

ಓಟದಲ್ಲಿ ಹಾಗಿಲ್ಲ. 60 ಡಿಗ್ರಿ ಸೆಲ್ಸಿಯಸ್ ಬಿಸಿ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಸುಮಾರು ಐದು ಸೆಕೆಂಡು ಸಾಕು. ಮಕ್ಕಳ ಚರ್ಮ ತೆಳು, ಇನ್ನೂ ಬೇಗ ಸುಡುತ್ತದೆ. ಒಲೆಯಿಂದ ಇಳಿಸಿ ನೇರ ತರುವ ಸೂಪು 60ಕ್ಕಿಂತ ಬಿಸಿಯೇ ಇರುತ್ತದೆ. ಟ್ರೇ ಇರೋದು ಎದೆ ಮಟ್ಟಕ್ಕೆ, ಮಗುವಿನ ತಲೆ ಅದರ ಕೆಳಗೆ. ಸಪ್ಲೈಯರ್ ಆ ಕಡೆ ತಿರುಗದೆ ಈ ಕಡೆ ತಿರುಗಿದ್ದರೆ? ಈ ವಾಕ್ಯವನ್ನು ನಾನು ಮುಂದಕ್ಕೆ ಬರೆಯಲ್ಲ.

ಇದು ಬರೀ ನನ್ನ ಭಯ ಅಲ್ಲ. ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೋಟೆಲಿನೊಳಗೆ ಓಡಿದ ಹತ್ತು ವರ್ಷದ ಮಗು, ಬಿಸಿನೀರು ತರುತ್ತಿದ್ದ ಕೆಲಸದವರಿಗೆ ಡಿಕ್ಕಿ ಹೊಡೆದು ಸುಟ್ಟುಕೊಂಡಿತು. ಪರಿಹಾರದ ಹೆಚ್ಚಿನ ಪಾಲನ್ನು ಹೋಟೆಲೇ ಕೊಡಬೇಕು ಅಂತ 2013ರಲ್ಲಿ ಕೋರ್ಟು ಹೇಳಿತು. ಅಂಥ ಪ್ರಕರಣಗಳ ಬೆನ್ನಿಗೆ ಅಲ್ಲಿ 'ಮಕ್ಕಳಿಗೆ ಪ್ರವೇಶವಿಲ್ಲ' ಅನ್ನುವ ಬೋರ್ಡುಗಳು ಹೆಚ್ಚಾದವು. ಹಾಗೆ ಮಕ್ಕಳನ್ನು ಹೊರಗಿಟ್ಟ ಒಂದು ಹೋಟೆಲಿನ ವಿಷಯದಲ್ಲಿ, ಇದು ತಾರತಮ್ಯ ಅಂತ ಅಲ್ಲಿನ ಮಾನವ ಹಕ್ಕು ಆಯೋಗ 2017ರಲ್ಲಿ ಹೇಳಿತು. ಬೋರ್ಡು ನನಗೂ ಇಷ್ಟ ಇಲ್ಲ. ಕೂತು ಉಣ್ಣೋದನ್ನು ಕಲಿಯಬೇಕಾದರೆ ಮಗು ಎಲ್ಲೋ ಒಂದು ಕಡೆ ಕೂರಲೇಬೇಕಲ್ವಾ. ಆದರೆ ಮಾಲೀಕನ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ ಅಂತ ಈಗ ಅರ್ಥ ಆಗುತ್ತದೆ.

ಪಕ್ಕದ ಟೇಬಲಿನ ಯಜಮಾನರ ಮಾತು ಅರ್ಧ ಸರಿ. ಅವರು ಸಿಟ್ಟಾದದ್ದು ಕಿರುಚಾಟಕ್ಕೆ, ಕೂಗಾಡಿದ್ದು ಓಟ ಮುಗಿದ ಮೇಲೆ. ಓಡುತ್ತಿದ್ದಾಗ ಅವರೂ ತಡೆಯಲಿಲ್ಲ.

ಪುಟ್ಟಿಯ ತಪ್ಪು ಏನು ಅಂತ ಹುಡುಕಿದೆ. 80 ನಿಮಿಷ ಕೂತಿದ್ದಳು. ಐದು ವರ್ಷದೊಳಗಿನ ಮಕ್ಕಳನ್ನು ಒಂದೇ ಸಮ ಒಂದು ಗಂಟೆಗಿಂತ ಜಾಸ್ತಿ ಕುರ್ಚಿಯಲ್ಲೋ ಗಾಡಿಯಲ್ಲೋ ಕಟ್ಟಿ ಕೂರಿಸಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದು ಹೇಳಿದ್ದು ಆರೋಗ್ಯದ ಸಲುವಾಗಿ, ಹೋಟೆಲಿನ ಶಿಸ್ತಿಗೆ ಅಲ್ಲ. ಆದರೂ ಅಳತೆಗೋಲು ಚೆನ್ನಾಗಿದೆ. ಅವಳ ಕಾಲು ಕೇಳಿದ್ದು ನಡಿಗೆ. ನಾವು ಅದನ್ನು ಸರಿಯಾದ ಹೊತ್ತಿಗೆ ಹೊರಗಡೆ ಕೊಡಲಿಲ್ಲ. ಅವಳು ಒಳಗಡೆ ತೆಗೆದುಕೊಂಡಳು.

ಎರಡನೇ ಸಲ

ಆರು ವಾರದ ಮೇಲೆ ಅಪ್ಪನನ್ನು ಒಪ್ಪಿಸಿ ಮತ್ತೆ ಹೋದೆವು. ಅದೇ ಹೋಟೆಲಿಗೆ ಅಲ್ಲ. ತಮ್ಮ ಅಲ್ಲಿಗೆ ಬರಲ್ಲ ಅಂದ, ನಾನೂ ಒತ್ತಾಯ ಮಾಡಲಿಲ್ಲ.

ಈ ಸಲ ಫೋನ್ ಮಾಡಿದ್ದು ತಮ್ಮನ ಹೆಂಡತಿ. "ಐದು ಜನ ದೊಡ್ಡವರು, ಮೂರು ವರ್ಷದ್ದು ಒಂದು, ಒಂದು ವರ್ಷದ್ದು ಒಂದು. ಗೋಡೆ ಕಡೆ ಬೇಕು, ಅಡುಗೆಮನೆ ಹತ್ರ ಬೇಡ." ಹೊತ್ತು ಸಂಜೆ ಆರೂವರೆ. ತಮ್ಮ ಅರ್ಧ ದಿನ ರಜೆ ಹಾಕಿದ. ಮನೆಯಲ್ಲೇ ಪುಟ್ಟಿಗೆ ಸ್ವಲ್ಪ ತಿನ್ನಿಸಿ ಹೊರಟೆವು. ಪೂರ್ತಿ ಹಸಿದ ಮಗುವಿಗೆ ಕಾಯೋದು ಹೇಗೆ ಆಗುತ್ತೆ?

ಒಂದೇ ಒಂದು ನಿಯಮ ಇಟ್ಟುಕೊಂಡೆವು. 'ಕೆಳಗಿಳಿದರೆ ಯಾರದಾದರೂ ಕೈ ಹಿಡಿದಿರಬೇಕು.' ಸದ್ದು ಮಾಡಬೇಡ, ಚೆಲ್ಲಬೇಡ, ಪೂರ್ತಿ ತಿನ್ನು, ಇವೆಲ್ಲ ಪಟ್ಟಿಯಿಂದ ತೆಗೆದೆವು. ಹತ್ತು ನಿಯಮ ಹೇಳಿದರೆ ಮೂರು ವರ್ಷದ ತಲೆಯಲ್ಲಿ ಒಂದೂ ಉಳಿಯಲ್ಲ. ಒಂದು ವಾರ ಮನೆಯಲ್ಲೇ ಹೋಟೆಲ್ ಆಟ ಆಡಿದೆವು. ತಾತ ಸಪ್ಲೈಯರ್. ಟ್ರೇ ಹಿಡಿದು ಬರುವಾಗ "ಬಿಸಿ, ಬಿಸಿ" ಅಂತ ಕೂಗುತ್ತಿದ್ದರು. ಪುಟ್ಟಿಗೆ ತುಂಬಾ ಇಷ್ಟವಾದದ್ದು ಬಿಲ್ ಕೊಡೋದು.

ಹೋಟೆಲಿನಲ್ಲಿ ಕೂತ ತಕ್ಷಣ ಅವಳದ್ದು ಮೊದಲು ಹೇಳಿದೆವು, 12 ನಿಮಿಷಕ್ಕೆ ಬಂತು. ಅವಳ ಕುರ್ಚಿ ಗೋಡೆ ಮೂಲೆಗೆ. ಇಳಿಯಬೇಕಾದರೆ ನನ್ನನ್ನು ದಾಟಿಯೇ ಇಳಿಯಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಒಬ್ಬರು ಅವಳ ಕೈ ಹಿಡಿದು ಹೊರಗೆ ಒಂದು ಸುತ್ತು. ಮೊದಲ ಪಾಳಿ ತಮ್ಮನದು, ಎರಡನೆಯದು ನನ್ನದು. ಫೋನ್ ಯಾರೂ ಕೊಡಲಿಲ್ಲ. ಫೋನ್ ಕೊಟ್ಟರೆ ಮಹಾಪಾಪ ಅಂತ ಏನಲ್ಲ, ಆದರೆ ಅದನ್ನು ತೆಗೆದುಕೊಳ್ಳುವ ಕ್ಷಣ ಎದುರಿಸುವ ಧೈರ್ಯ ನಮಗಿನ್ನೂ ಬಂದಿರಲಿಲ್ಲ. ಒಂದು ಪುಟ್ಟ ಪುಸ್ತಕ, ನಾಲ್ಕು ಬಣ್ಣದ ಪೆನ್ಸಿಲು ಒಯ್ದಿದ್ದೆವು. ಅವಳು ಅವುಗಳನ್ನು ಮುಟ್ಟಲೇ ಇಲ್ಲ. ಮತ್ತೆ ಚಮಚಗಳನ್ನೇ ಜೋಡಿಸಿದಳು.

ಎಲ್ಲ ಸುಗಮ ಅಂದುಕೊಳ್ಳಬೇಡಿ. ಒಂದು ಲೋಟ ನೀರು ಅಮ್ಮನ ಸೀರೆ ಮೇಲೆ ಚೆಲ್ಲಿತು. ಪಾಪು ತಟ್ಟೆಯಿಂದ ಎಸೆದದ್ದು ನೆಲದಲ್ಲೆಲ್ಲ ಬಿತ್ತು. ಏಳುವಾಗ ತಮ್ಮ ಬಗ್ಗಿ ದೊಡ್ಡ ದೊಡ್ಡದನ್ನೆಲ್ಲ ಆರಿಸಿ ತಟ್ಟೆಗೆ ಹಾಕಿದ. ಟೇಬಲ್ ಒರೆಸುವ ಹುಡುಗ "ಇರ್ಲಿ ಬಿಡಿ ಸಾರ್" ಅಂದ, ಆದರೆ ಮುಖ ಅರಳಿತು. ನಡುವೆ ಒಂದು ಸಲ ಪುಟ್ಟಿ ಅಳು ಶುರು ಮಾಡಿದಳು. ತಾತನ ತಟ್ಟೆಯಲ್ಲಿದ್ದದ್ದು ಬೇಕಂತೆ, ಕೊಟ್ಟರೆ ಬೇಡವಂತೆ. ತಮ್ಮ ಒಂದು ಮಾತಾಡದೆ ಎತ್ತಿಕೊಂಡು ಹೊರಗೆ ಹೋದ. ನಾನು ಗಡಿಯಾರ ನೋಡಿದೆ. ಮೂರು ನಿಮಿಷಕ್ಕೆ ಇಬ್ಬರೂ ವಾಪಸ್. ಅವನ ಊಟ ಆರಿತ್ತು. ಯಾರದ್ದಾದರೂ ಒಬ್ಬರ ಊಟ ಆರುವುದು ಇದರಲ್ಲಿ ಇದ್ದದ್ದೇ. ಅವತ್ತು ರಾತ್ರಿ ಸಪ್ಲೈಯರ್ ಕೈ ಸುಟ್ಟಿತ್ತು. ಹೋಲಿಸಿದರೆ ಇದು ಅಗ್ಗ.

ಒಟ್ಟು 50 ನಿಮಿಷ. ಅಪ್ಪನಿಗೆ ಕೊನೆಗೊಂದು ಸಿಹಿ ತಿನ್ನಬೇಕು ಅಂತ ಇತ್ತು. "ಅದನ್ನ ಪಾರ್ಸೆಲ್ ಮಾಡಿಸ್ಕೊಳ್ಳೋಣ" ಅಂದರು. ಮೊದಲ ಸಂಬಳದ ಕಥೆಯನ್ನು ಯಾರೂ ಹೇಳಿಸಲಿಲ್ಲ, ಅದಕ್ಕೆ ಪುರುಸೊತ್ತಿರಲಿಲ್ಲ. ಆ ಫೋನಿನ ಅರ್ಧ ಗಂಟೆ ನನಗೆ ಆಗಾಗ ನೆನಪಾಗುತ್ತದೆ, ಸುಳ್ಳಲ್ಲ.

ಅಮ್ಮ ಈಗಲೂ ಆ ಹುಡುಗ ನೋಡಿಕೊಂಡು ಬರಬೇಕಿತ್ತು ಅನ್ನುತ್ತಾರೆ. ಮನೆಯ ದೊಡ್ಡ ತಟ್ಟೆಯನ್ನು ಎದೆ ಮಟ್ಟಕ್ಕೆ ಹಿಡಿದು ತೋರಿಸಿದೆ. "ಅದೆಲ್ಲ ನಂಗೊತ್ತಿಲ್ಲಮ್ಮ" ಅಂದರು. ತಮ್ಮ ಆ ವಿಡಿಯೋವನ್ನು ಅಳಿಸಿಲ್ಲ, ನನ್ನನ್ನು ಬಿಟ್ಟು ಯಾರಿಗೂ ತೋರಿಸಿಯೂ ಇಲ್ಲ. ಪಾಪು ಹೋದ ಭಾನುವಾರದಿಂದ ಗೋಡೆ ಹಿಡಿದು ನಡೆಯುತ್ತಿದ್ದಾನೆ.